ಮೃದ್ವಸ್ಥಿಯ ಎಳೆಯ ಗುಟ್ಟು ಬಿಡಿಸಿದ ಡಾ. ಜಿ. ಎನ್. ರಾಮಚಂದ್ರನ್



ನಿಮ್ಮ ಮೂಗಿನ ತುದಿಯನ್ನು ಬೆರಳಿನಿಂದ ಒತ್ತಿ ನೋಡಿ. ಬಾಗುತ್ತದೆ, ಆದರೆ ಮುರಿಯುವುದಿಲ್ಲ. ಅದು ಮೃದ್ವಸ್ಥಿ. ಮಂಡಿಯಲ್ಲಿ ಎಲುಬಿಗೆ ಎಲುಬು ಉಜ್ಜದಂತೆ ಕಾಯುವುದೂ ಅದೇ. ಅದರ ಜೀವಕೋಶವೊಂದು ಮಿಲಿಮೀಟರಿನ ಸುಮಾರು ನೂರನೇ ಒಂದು ಭಾಗದಷ್ಟಿರುತ್ತದೆ. ಈ ಕೋಶ ತನ್ನ ಸುತ್ತ ಕೊಲಾಜೆನ್ ಎಂಬ ಪ್ರೋಟೀನಿನ ಎಳೆಗಳ ಬಲೆ ಹೆಣೆಯುತ್ತದೆ. ಒಂದೊಂದು ಕೊಲಾಜೆನ್ ಅಣುವಿನ ದಪ್ಪ ಸುಮಾರು 1.5 ನ್ಯಾನೋಮೀಟರ್. ಒಂದು ನ್ಯಾನೋಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು. ನಮ್ಮ ಕಣ್ಣಿಗೆ ಕಾಣುವ ಬೆಳಕಿನ ತರಂಗವೇ 400 ನ್ಯಾನೋಮೀಟರಿಗಿಂತ ಉದ್ದ. ಹಾಗಿರುವಾಗ ಸಾಧಾರಣ ಸೂಕ್ಷ್ಮದರ್ಶಕದಲ್ಲಿ ಆ ಅಣುವಿನ ರಚನೆ ಕಾಣುವುದೆಂತು? ಈ ಒಗಟನ್ನು ಬಿಡಿಸಿದವರಲ್ಲಿ ಪ್ರಮುಖರು ಗೋಪಾಲಸಮುದ್ರಂ ನಾರಾಯಣ ರಾಮಚಂದ್ರನ್.

ಅವರು ಹುಟ್ಟಿದ್ದು 1922ರ ಅಕ್ಟೋಬರ್ 8ರಂದು, ಎರ್ನಾಕುಲಂನಲ್ಲಿ. ತಂದೆ ಗಣಿತದ ಅಧ್ಯಾಪಕರು. ತಿರುಚಿನಾಪಳ್ಳಿಯಲ್ಲಿ ಪದವಿ ಮುಗಿಸಿ 1942ರಲ್ಲಿ ಬೆಂಗಳೂರಿಗೆ ಬಂದರು. ರಾಜಾಜಿನಗರದಿಂದ ಯಶವಂತಪುರದ ಕಡೆ ಹೋಗುವಾಗ ನೀವು ಕೇಳಿರುವ ಟಾಟಾ ಇನ್‌ಸ್ಟಿಟ್ಯೂಟ್, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯೇ ಅವರ ಗುರುಕುಲ. ಸೇರಿದ್ದು ವಿದ್ಯುತ್ ಎಂಜಿನಿಯರಿಂಗಿಗೆ. ಮನಸ್ಸು ಭೌತಶಾಸ್ತ್ರಕ್ಕೆ ಒಲಿದು ಸರ್ ಸಿ. ವಿ. ರಾಮನ್ ಅವರ ಶಿಷ್ಯರಾದರು. ಕೇಂಬ್ರಿಜ್‌ನಲ್ಲಿ ಸಂಶೋಧನೆ ನಡೆಸಿ 1949ರಲ್ಲಿ ಹಿಂತಿರುಗಿದರು. 1952ರಲ್ಲಿ, ಇನ್ನೂ ಮೂವತ್ತರ ಆಸುಪಾಸಿನಲ್ಲಿರುವಾಗಲೇ, ಮದ್ರಾಸ್ ವಿಶ್ವವಿದ್ಯಾಲಯದ ಭೌತಶಾಸ್ತ್ರ ವಿಭಾಗದ ಮುಖ್ಯಸ್ಥರಾದರು.

ಅಲ್ಲಿ ಅವರು ಕೊಲಾಜೆನ್ ಕೈಗೆತ್ತಿಕೊಂಡರು. ಕಾಂಗರೂವಿನ ಬಾಲದ ಸ್ನಾಯುರಜ್ಜುವಿನ ಮೇಲೆ ಎಕ್ಸ್-ಕಿರಣ ಹಾಯಿಸಿ, ಫಿಲ್ಮಿನ ಮೇಲೆ ಮೂಡಿದ ಕಲೆಗಳ ನಡುವಿನ ಅಂತರ ಅಳೆದು ಅಣುಗಳ ಜೋಡಣೆಯನ್ನು ಲೆಕ್ಕ ಹಾಕಿದರು. ಸ್ನಾಯುರಜ್ಜುವಿನ ಕೊಲಾಜೆನ್ ಮತ್ತು ಮೃದ್ವಸ್ಥಿಯ ಕೊಲಾಜೆನ್ ಬೇರೆ ಬೇರೆ ಬಗೆಯವಾದರೂ ಮೂಲ ರಚನೆ ಒಂದೇ. 1954ರಲ್ಲಿ ಗೋಪಿನಾಥ್ ಕರ್ತಾ ಅವರೊಡನೆ, ಇದು ಮೂರು ಎಳೆಗಳ ರಚನೆ ಎಂದು ಪ್ರಕಟಿಸಿದರು. ಮರುವರ್ಷ ಅದನ್ನು ತಿದ್ದಿ, ಮೂರೂ ಎಳೆಗಳು ಹಗ್ಗದಂತೆ ಒಂದನ್ನೊಂದು ಸುತ್ತಿಕೊಂಡಿವೆ ಎಂದು ತೋರಿಸಿದರು. ಪ್ರತಿ ಮೂರನೆಯ ಸ್ಥಾನದಲ್ಲಿ ಅತಿ ಚಿಕ್ಕ ಅಮೈನೋ ಆಮ್ಲವಾದ ಗ್ಲೈಸೀನ್ ಏಕೆ ಬೇಕೆಂಬುದೂ ಇದರಿಂದ ತಿಳಿಯಿತು: ಹಗ್ಗದ ನಡುವೆ ದೊಡ್ಡದಕ್ಕೆ ಜಾಗವೇ ಇಲ್ಲ.

ಆದರೆ 1955ರಲ್ಲೇ ಫ್ರಾನ್ಸಿಸ್ ಕ್ರಿಕ್ ಮತ್ತು ಅಲೆಕ್ಸಾಂಡರ್ ರಿಚ್ ಆಕ್ಷೇಪ ಎತ್ತಿದರು. ಮದ್ರಾಸಿನ ಮಾದರಿಯಲ್ಲಿ ಕೆಲವು ಪರಮಾಣುಗಳು ಅತಿ ಹತ್ತಿರ ಬಂದಿವೆ ಎಂಬುದು ಅವರ ವಾದ. ಎಳೆಗಳ ನಡುವೆ ಪ್ರತಿ ಮೂರು ಅಮೈನೋ ಆಮ್ಲಗಳಿಗೆ ನೇರವಾದ ಹೈಡ್ರೋಜನ್ ಬಂಧ ಎರಡಲ್ಲ, ಒಂದೇ ಎಂದರು. ಈ ವಿಷಯದಲ್ಲಿ ಅವರ ಮಾತೇ ಇಂದು ನಿಂತಿದೆ. ಬೇರೆ ಯಾರಾದರೂ ಆಗಿದ್ದರೆ ಕುಗ್ಗುತ್ತಿದ್ದರು, ಇಲ್ಲವೇ ಜಗಳಕ್ಕೆ ನಿಲ್ಲುತ್ತಿದ್ದರು. ರಾಮಚಂದ್ರನ್ ಮಾಡಿದ್ದೇನು ಗೊತ್ತೇ? ಪರಮಾಣುಗಳು ಎಷ್ಟು ಹತ್ತಿರ ಬರಬಹುದು ಎಂಬ ಪ್ರಶ್ನೆಯನ್ನೇ ಹಿಡಿದು, ಗೊತ್ತಿದ್ದ ಹರಳುಗಳ ಅಳತೆಗಳನ್ನೆಲ್ಲ ಕಲೆಹಾಕಿದರು. 1963ರಲ್ಲಿ ಸಿ. ರಾಮಕೃಷ್ಣನ್ ಮತ್ತು ವಿ. ಶಶಿಶೇಖರನ್ ಅವರೊಂದಿಗೆ, ಪ್ರೋಟೀನಿನ ಸರಪಳಿ ಯಾವ ಕೋನಗಳಲ್ಲಿ ತಿರುಗಬಲ್ಲದು, ಯಾವುದರಲ್ಲಿ ತಿರುಗಲಾರದು ಎಂಬ ನಕ್ಷೆ ಪ್ರಕಟಿಸಿದರು. ಅದೇ ರಾಮಚಂದ್ರನ್ ನಕ್ಷೆ. ಇಂದು ಜಗತ್ತಿನ ಯಾವ ಪ್ರಯೋಗಾಲಯದಲ್ಲಿ ಹೊಸ ಪ್ರೋಟೀನಿನ ರಚನೆ ಸಿದ್ಧವಾದರೂ ಅದನ್ನು ಈ ನಕ್ಷೆಯ ಮೇಲಿಟ್ಟು ಪರೀಕ್ಷಿಸುತ್ತಾರೆ.

1970ರ ದಶಕದ ಆರಂಭದಲ್ಲಿ ಅವರು ಬೆಂಗಳೂರಿಗೆ ಮರಳಿ, ಓದಿದ ಸಂಸ್ಥೆಯಲ್ಲೇ ಅಣುಜೈವಿಕ ಭೌತಶಾಸ್ತ್ರ ಘಟಕ ಕಟ್ಟಿದರು. 1971ರಲ್ಲಿ ಎ. ವಿ. ಲಕ್ಷ್ಮೀನಾರಾಯಣನ್ ಅವರೊಂದಿಗೆ, ಹಲವು ದಿಕ್ಕಿನ ಎಕ್ಸ್-ಕಿರಣ ನೆರಳುಗಳಿಂದ ಒಳಗಿನ ಚಿತ್ರವನ್ನು ಬೇಗ ಲೆಕ್ಕ ಹಾಕುವ ಗಣಿತ ವಿಧಾನ ನೀಡಿದರು. ಸಿ.ಟಿ. ಸ್ಕ್ಯಾನ್ ತಂತ್ರಜ್ಞಾನದಲ್ಲಿ ಇಂದಿಗೂ ಅವರಿಬ್ಬರ ಹೆಸರಿನ ಸೂತ್ರವಿದೆ. 1977ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಸದಸ್ಯತ್ವ, 1999ರಲ್ಲಿ ಸ್ಫಟಿಕ ವಿಜ್ಞಾನದ ಎವಾಲ್ಡ್ ಪ್ರಶಸ್ತಿ ಸಂದವು. ಕೊನೆಯ ವರ್ಷಗಳಲ್ಲಿ ಪಾರ್ಕಿನ್ಸನ್ ಕಾಯಿಲೆ ಕಾಡಿತು. 2001ರ ಏಪ್ರಿಲ್ 7ರಂದು ಚೆನ್ನೈನಲ್ಲಿ ನಿಧನರಾದರು.

ವಿದ್ಯಾರ್ಥಿ ಮಿತ್ರರೇ, ಪರೀಕ್ಷೆಯಲ್ಲಿ ಅಥವಾ ತರಗತಿಯಲ್ಲಿ ಯಾರಾದರೂ ನಿಮ್ಮ ಉತ್ತರದಲ್ಲಿ ತಪ್ಪು ತೋರಿಸಿದಾಗ ಈ ಮಹನೀಯರನ್ನು ನೆನೆಯಿರಿ. ಆಕ್ಷೇಪಕ್ಕೆ ಅವರು ಕೊಟ್ಟ ಉತ್ತರ ಮಾತಲ್ಲ, ಅಳತೆ. ಅವರು ಓದಿದ, ಕಲಿಸಿದ ಸಂಸ್ಥೆ ನಿಮ್ಮ ಮನೆಯಿಂದ ಒಂದೆರಡು ಬಸ್ಸಿನ ದೂರದಲ್ಲಿದೆ. ಸಾರ್ವಜನಿಕರಿಗೆ ಅದು ಬಾಗಿಲು ತೆರೆಯುವ ದಿನ ತಪ್ಪದೆ ಹೋಗಿ ಬನ್ನಿ.