ಕತ್ತಲೆಯನ್ನು ಹುಡುಕಿದ ವಿಜ್ಞಾನಿ ವೈನು ಬಪ್ಪು

ಮಕ್ಕಳೇ, ಬಳ್ಳಾರಿ ನಗರದಲ್ಲಿ ರಾತ್ರಿ ತಲೆ ಎತ್ತಿ ನೋಡಿದರೆ ಕೆಲವೇ ನಕ್ಷತ್ರಗಳು ಕಾಣುತ್ತವೆ. ಸಿರುಗುಪ್ಪ, ಕುರುಗೋಡಿನ ಹೊಲಗಳ ಕಡೆ ಹೋದರೆ ಹೆಚ್ಚು ಕಾಣುತ್ತವೆ. ಏಕೆ? ನಗರದ ದೀಪಗಳ ಬೆಳಕು ಗಾಳಿ ಮತ್ತು ಧೂಳಿನ ಕಣಗಳಿಗೆ ತಾಗಿ ಚದುರುತ್ತದೆ. ಆಗ ಆಕಾಶವೇ ಬೆಳಗಿ ಮಂದ ನಕ್ಷತ್ರಗಳು ಮರೆಯಾಗುತ್ತವೆ. ಇದೇ ಬೆಳಕಿನ ಮಾಲಿನ್ಯ. ಕತ್ತಲೆಯ ಆಕಾಶವನ್ನು ಹುಡುಕಿಕೊಂಡು ಹೋದ ಭಾರತದ ಖಗೋಳ ವಿಜ್ಞಾನಿಯೇ ವೈನು ಬಪ್ಪು.

ಬಪ್ಪು ಅವರು 1927ರ ಆಗಸ್ಟ್ 10ರಂದು ಅಂದಿನ ಮದರಾಸಿನಲ್ಲಿ ಜನಿಸಿದರು. ತಂದೆ ಹೈದರಾಬಾದಿನ ನಿಜಾಮಿಯಾ ವೀಕ್ಷಣಾಲಯದಲ್ಲಿ ಕೆಲಸ ಮಾಡುತ್ತಿದ್ದರು. ಆದ್ದರಿಂದ ದೂರದರ್ಶಕದ ಪರಿಚಯ ಬಾಲ್ಯದಲ್ಲೇ ಆಯಿತು. ಮುಂದೆ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆ ಹೋದರು. 1949ರಲ್ಲಿ ಆಕಾಶದ ಛಾಯಾಚಿತ್ರವೊಂದರಲ್ಲಿ ಹೊಸ ಧೂಮಕೇತುವನ್ನು ಗುರುತಿಸಿದರು. ಅದಕ್ಕೆ ಬಪ್ಪು-ಬಾಕ್-ನ್ಯೂಕರ್ಕ್ ಎಂಬ ಹೆಸರು ಬಂತು.

1957ರಲ್ಲಿ ಓಲಿನ್ ವಿಲ್ಸನ್ ಅವರೊಡನೆ ಮತ್ತೊಂದು ಸಂಶೋಧನೆ ಪ್ರಕಟಿಸಿದರು. ನಕ್ಷತ್ರದ ಬೆಳಕನ್ನು ಬಣ್ಣಗಳಾಗಿ ಬಿಡಿಸಿದರೆ ರೋಹಿತ ಸಿಗುತ್ತದೆ. ಅದರ ನೇರಳೆ ಭಾಗದಲ್ಲಿ ಕ್ಯಾಲ್ಸಿಯಂನ ಒಂದು ಗೆರೆ ಇದೆ. ತಂಪಾದ ನಕ್ಷತ್ರಗಳಲ್ಲಿ ಈ ಗೆರೆಯ ಅಗಲದಿಂದ ಅವುಗಳ ನಿಜವಾದ ಪ್ರಕಾಶವನ್ನು ತಿಳಿಯಬಹುದು. ಒಂದು ಸಣ್ಣ ಬಣ್ಣದ ಗೆರೆ ಎಷ್ಟೊಂದು ಹೇಳುತ್ತದೆ, ನೋಡಿದಿರಾ!

1960ರಲ್ಲಿ ಅವರು ಕೊಡೈಕೆನಾಲ್ ವೀಕ್ಷಣಾಲಯದ ನಿರ್ದೇಶಕರಾದರು. ರಾತ್ರಿಯ ವೀಕ್ಷಣೆಗೆ ಬೇರೆ ಸ್ಥಳ ಹುಡುಕಿ, ತಮಿಳುನಾಡಿನ ಜವಾದಿ ಬೆಟ್ಟಗಳಲ್ಲಿರುವ ಕಾವಲೂರನ್ನು ಆರಿಸಿದರು. ಸುತ್ತ ಕಾಡು, ದೊಡ್ಡ ಊರುಗಳು ದೂರ. 1968ರಲ್ಲಿ ಅಲ್ಲಿ ವೀಕ್ಷಣೆ ಆರಂಭವಾಯಿತು. ಬೆಂಗಳೂರಿನಲ್ಲಿರುವ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಯನ್ನು ಕಟ್ಟಿ ಬೆಳೆಸಿದವರೂ ಅವರೇ.

ಇಂದು ನಗರದಿಂದಲೇ ಆಕಾಶದ ಚಿತ್ರ ತೆಗೆಯುವ ಹವ್ಯಾಸಿಗಳಿದ್ದಾರೆ. ಹಲವು ನೀಹಾರಿಕೆಗಳ ಹೈಡ್ರೋಜನ್ ಅನಿಲ 656 ನ್ಯಾನೊಮೀಟರ್ ತರಂಗದೂರದ ಕೆಂಪು ಬೆಳಕು ಸೂಸುತ್ತದೆ. ಸಾಮಾನ್ಯ ಕ್ಯಾಮೆರಾದ ಒಳಗಿನ ಫಿಲ್ಟರ್ ಅದರ ಬಹುಭಾಗವನ್ನು ತಡೆಯುತ್ತದೆ. ಆ ಫಿಲ್ಟರ್ ತೆಗೆಸಿದರೆ ಕೆಂಪು ಚೆನ್ನಾಗಿ ಮೂಡುತ್ತದೆ. ಆದರೆ ದೀಪಗಳ ಬೆಳಕೂ ಒಳಗೆ ಬರುತ್ತದಲ್ಲ? ಹಳೆಯ ಸೋಡಿಯಂ ದೀಪದ ಹಳದಿಯನ್ನು ಫಿಲ್ಟರ್‌ನಿಂದ ತಡೆಯುವುದು ಸುಲಭವಾಗಿತ್ತು. ಬಿಳಿ ಎಲ್‌ಇಡಿ ದೀಪದಲ್ಲಿ ಹಲವು ಬಣ್ಣಗಳು ಸೇರಿವೆ. ಆದ್ದರಿಂದ ನೀಹಾರಿಕೆಗೆ ಹೈಡ್ರೋಜನ್‌ನ ಕೆಂಪನ್ನಷ್ಟೇ ಬಿಡುವ ಫಿಲ್ಟರ್ ಉತ್ತಮ. ನಕ್ಷತ್ರ, ಗೆಲಾಕ್ಸಿಗಳು ಎಲ್ಲ ಬಣ್ಣಗಳಲ್ಲೂ ಹೊಳೆಯುತ್ತವೆ. ಫಿಲ್ಟರ್ ಅವುಗಳ ಬೆಳಕನ್ನೂ ಕಡಿಮೆ ಮಾಡುತ್ತದೆ. ಅವಕ್ಕೆ ಬಪ್ಪು ತೋರಿದ ದಾರಿಯೇ ಸರಿ: ಕತ್ತಲೆಯ ಜಾಗ. ಎಚ್ಚರಿಕೆ! ಇಂತಹ ಫಿಲ್ಟರ್ ಹಿಡಿದು ಸೂರ್ಯನನ್ನು ಎಂದೂ ನೋಡಬೇಡಿ.

ಕಾವಲೂರಿನಲ್ಲಿ 2.34 ಮೀಟರ್ ವ್ಯಾಸದ ದೂರದರ್ಶಕ ಸ್ಥಾಪಿಸುವುದು ಬಪ್ಪು ಅವರ ಕನಸಾಗಿತ್ತು. ಅದು ಪೂರ್ಣಗೊಳ್ಳುವ ಮೊದಲೇ, 1982ರ ಆಗಸ್ಟ್ 19ರಂದು, ಅವರು ನಿಧನರಾದರು. 1986ರಲ್ಲಿ ಆ ದೂರದರ್ಶಕಕ್ಕೂ ವೀಕ್ಷಣಾಲಯಕ್ಕೂ ಅವರ ಹೆಸರನ್ನೇ ಇಡಲಾಯಿತು.

ನೀವೂ ಮಾಡಿ ನೋಡಿ: ಜನವರಿಯಲ್ಲಿ ಚಂದ್ರನಿಲ್ಲದ ರಾತ್ರಿ, ಹಿರಿಯರೊಂದಿಗೆ ಹೊರಗೆ ಬಂದು ಮಹಾವ್ಯಾಧ ನಕ್ಷತ್ರಪುಂಜದಲ್ಲಿ ಕಾಣುವ ನಕ್ಷತ್ರಗಳನ್ನು ಎಣಿಸಿ. ಬಳ್ಳಾರಿ, ಸಿರುಗುಪ್ಪ, ಕುರುಗೋಡಿನ ಶಾಲೆಗಳ ಎಣಿಕೆಯನ್ನು ಹೋಲಿಸಿ. ಯಾವ ಊರಿನ ಆಕಾಶ ಹೆಚ್ಚು ಕತ್ತಲೆಯಾಗಿದೆ? ಅದನ್ನು ಹಾಗೆಯೇ ಉಳಿಸಲು ದೀಪಗಳ ಬೆಳಕು ನೆಲದತ್ತ ಮಾತ್ರ ಬೀಳುವಂತೆ ಏನು ಮಾಡಬಹುದು? ತರಗತಿಯಲ್ಲಿ ಚರ್ಚಿಸಿ.