ನೆರಳಿನ ಲೆಕ್ಕ ಗೊತ್ತಿದ್ದ ಒಟ್ಟೊ

ಓಪನ್ ಡೇ ದಿನ ಗೆಳೆಯರ ಜೊತೆ ಭಾರತೀಯ ವಿಜ್ಞಾನ ಸಂಸ್ಥೆಗೆ ಹೋಗಿದ್ದೆ. ಬಿಸಿಲು ತಾಳಲಾರದೆ ಏರೋಸ್ಪೇಸ್ ವಿಭಾಗದ ಹಳೆಯ ಕಟ್ಟಡದೊಳಗೆ ನುಗ್ಗಿದರೆ ಫ್ಯಾನಿಲ್ಲದೆಯೂ ತಂಪು! ಇದನ್ನು ವಿನ್ಯಾಸ ಮಾಡಿದವರು ಯಾರೆಂದು ಹುಡುಕಿದಾಗ ಸಿಕ್ಕ ಹೆಸರು ಒಟ್ಟೊ ಕೋನಿಗ್ಸ್‌ಬರ್ಗರ್.

ಹುಟ್ಟಿದ್ದು 1908ರಲ್ಲಿ, ಬರ್ಲಿನ್‌ನಲ್ಲಿ. ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ ಇವರ ಸೋದರಮಾವ. 1933ರಲ್ಲಿ ವಾಸ್ತುಶಿಲ್ಪಕ್ಕೆ ದೊಡ್ಡ ಬಹುಮಾನ ಬಂತು. ಅದೇ ವರ್ಷ ಯಹೂದಿ ಮೂಲದವರೆಂಬ ಕಾರಣಕ್ಕೆ ಸರ್ಕಾರಿ ಕೆಲಸ ಹೋಯಿತು. ಊರು ಬಿಟ್ಟು ಈಜಿಪ್ಟ್ ಸೇರಿದರು. 1939ರಲ್ಲಿ ಮೈಸೂರು ಸಂಸ್ಥಾನದ ವಾಸ್ತುಶಿಲ್ಪಿಯಾಗಿ ಬೆಂಗಳೂರಿಗೆ ಬಂದಾಗ ಅವರಿಗೆ ಮೂವತ್ತರ ಆಸುಪಾಸು. ನನಗಿಂತ ಹತ್ತೇ ವರ್ಷ ದೊಡ್ಡವರು.

ದಿವಾನ್ ಮಿರ್ಜಾ ಇಸ್ಮಾಯಿಲ್ ಅವರಿಗೆ ಗುಮ್ಮಟ, ಅಲಂಕಾರ ಇಷ್ಟ. ಒಟ್ಟೊಗೆ ಬೇಕಿದ್ದದ್ದು ಬಿಸಿಲು ತಡೆಯುವ ಸಜ್ಜಾ, ಗಾಳಿ ಹಾದುಹೋಗುವ ಎದುರುಬದುರು ಕಿಟಕಿ. ಯಜಮಾನರ ರುಚಿಗೆ ಆಗಾಗ ತಲೆಬಾಗಿದರೂ ವಿಜ್ಞಾನ ಸಂಸ್ಥೆಯ ಕಟ್ಟಡಗಳಲ್ಲಿ ತಮ್ಮ ಮನಸ್ಸಿನಂತೆ ಕೆಲಸ ಮಾಡಿದರು. ಜೆಮ್‌ಶೆಡ್‌ಪುರಕ್ಕೆ, ಆಮೇಲೆ ಭುವನೇಶ್ವರಕ್ಕೆ ನಗರ ಯೋಜನೆ ಹಾಕಿಕೊಟ್ಟವರೂ ಅವರೇ.

ಸೋತದ್ದೂ ಉಂಟು. ಸ್ವಾತಂತ್ರ್ಯದ ನಂತರ ನೆಹರೂ ಸರ್ಕಾರದಲ್ಲಿ ವಸತಿ ನಿರ್ದೇಶಕರಾದರು. ದೇಶ ವಿಭಜನೆಯಲ್ಲಿ ಮನೆ ಕಳೆದುಕೊಂಡವರಿಗೆ ಸೂರು ಬೇಕಿತ್ತು. ಗೋಡೆಗಳನ್ನು ಕಾರ್ಖಾನೆಯಲ್ಲೇ ಎರಕ ಹೊಯ್ದು ತಂದು ಜೋಡಿಸುವ ಯೋಜನೆ ದೆಹಲಿಯಲ್ಲಿ ಶುರುವಾಯಿತು. ಫಲಕಗಳು ಬಿರುಕು ಬಿಟ್ಟವು, ಟೀಕೆಗಳ ಸುರಿಮಳೆಯಾಯಿತು. ತಾವೇ ನೆಲೆ ಕಳೆದುಕೊಂಡವರು, ನೆಲೆಯಿಲ್ಲದವರಿಗೆ ಮನೆ ಕೊಡಲು ಹೋಗಿ ಸೋತರು. ಕಾಂಕ್ರೀಟ್ ಲ್ಯಾಬ್‌ನಲ್ಲಿ ನನ್ನ ಕ್ಯೂಬ್ ಒಡೆದಾಗೆಲ್ಲ ಈಗ ಅವರ ನೆನಪಾಗುತ್ತದೆ. 1951ರಲ್ಲಿ ಭಾರತ ಬಿಟ್ಟು ಲಂಡನ್ ಸೇರಿದರು. ಅಲ್ಲಿ ಉಷ್ಣವಲಯದ ಕಟ್ಟಡಗಳ ಪಾಠ ಹೇಳಿದರು. 1970ರ ದಶಕದಲ್ಲಿ ಮೂವರ ಜೊತೆ ಸೇರಿ ಬರೆದ ಕೈಪಿಡಿಯನ್ನು ವಾಸ್ತುಶಿಲ್ಪ ವಿದ್ಯಾರ್ಥಿಗಳು ಈಗಲೂ ಓದುತ್ತಾರೆ. 1999ರಲ್ಲಿ ತೀರಿಕೊಂಡರು.

ನಮ್ಮ ಕಾಲೇಜಿನ ಹೊಸ ಬ್ಲಾಕಿಗೆ ಪೂರ್ತಿ ಗಾಜಿನ ಮುಖ. ಕರೆಂಟು ಹೋದರೆ ತರಗತಿಯಲ್ಲಿ ಕೂರಲಾಗದು. ಆ ಕಾಲದ ಸಜ್ಜಾ, ಜಾಲಂಧ್ರಗಳ ಕಟ್ಟಡಗಳೋ, ಒಂದೊಂದಾಗಿ ನೆಲಸಮವಾಗುತ್ತಿವೆ. ಉಳಿದವುಗಳ ಕಿಟಕಿಗೆ ಏಸಿ ಡಬ್ಬ ಕೂತಿದೆ.

ಬಸವನಗುಡಿಯ ಕೃಷ್ಣರಾವ್ ಪಾರ್ಕಿನ ಮಂಟಪವೂ ಒಟ್ಟೊ ಅವರದೇ ಎಂದು ಅಜ್ಜಿಗೆ ಹೇಳಿದೆ. ಮದುವೆಯಾಗಿ ಬಂದಾಗಿನಿಂದ ಅಲ್ಲಿ ವಾಕಿಂಗ್ ಹೋಗುವವರು. ಮಾರನೇ ದಿನ ನನ್ನನ್ನೂ ಎಬ್ಬಿಸಿಕೊಂಡು ಹೋಗಿ, ಒಂದು ಸುತ್ತು ಹಾಕಿ ನಿಂತು, ಮೊದಲ ಸಲ ಅದನ್ನು ತಲೆಯೆತ್ತಿ ನೋಡಿದರು.