ಸಂಜೆ ಐದರಿಂದ ಏಳರವರೆಗೆ ಲ್ಯಾಟಿನ್

ಪ್ರಥಮ ಪಿಯುಸಿಗೆ ಸೇರಿದ ಹೊಸತರಲ್ಲಿ ನನ್ನ ಬಳಿ ಒಂದು ಚಿಕ್ಕ ನೋಟ್‌ಬುಕ್ ಇತ್ತು. ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು ನಾನು. ಮನೆಯಲ್ಲಿ ಉರ್ದು, ಹೊರಗೆ ಕನ್ನಡ. ಇಲ್ಲಿಗೆ ಬಂದರೆ ಭೌತಶಾಸ್ತ್ರದಿಂದ ಜೀವಶಾಸ್ತ್ರದವರೆಗೆ ಎಲ್ಲವೂ ಇಂಗ್ಲಿಷ್. ತರಗತಿಯಲ್ಲಿ ಅರ್ಥವಾಗದ ಪದಗಳನ್ನೆಲ್ಲ ಆ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದೆ. ಎರಡು ತಿಂಗಳಲ್ಲಿ ಪುಟಗಳು ತುಂಬಿದವು, ತಲೆ ಮಾತ್ರ ತುಂಬಲಿಲ್ಲ. ಯಾರಾದರೂ ನೋಡಿ ನಕ್ಕಾರೆಂದು ಅದನ್ನು ಬ್ಯಾಗಿನ ತಳದಲ್ಲಿ ಬಚ್ಚಿಡುತ್ತಿದ್ದೆ. ಇನ್ನು ಕನ್ನಡ ಪುಸ್ತಕ ಮುಟ್ಟುವುದೇ ಬೇಡ, ನಾನು ಹಿಂದುಳಿಯಲು ಅದೇ ಕಾರಣ ಎಂದು ತೀರ್ಮಾನಿಸಿದ್ದೂ ಆಗಲೇ.

ಆ ದಿನಗಳಲ್ಲಿ ಗ್ರಂಥಾಲಯದಲ್ಲಿ ಸಿಕ್ಕಿದ್ದು ಮೈಕೇಲ್ ಮಧುಸೂದನ ದತ್ತರ ಜೀವನಚರಿತ್ರೆ. ಬಂಗಾಳಿಯ ಮಹಾಕವಿ ಎಂಬುದಷ್ಟೇ ಗೊತ್ತಿತ್ತು. ನನ್ನನ್ನು ಹಿಡಿದು ನಿಲ್ಲಿಸಿದ್ದು ಅದರಲ್ಲಿದ್ದ ಒಂದು ವೇಳಾಪಟ್ಟಿ. ಅದರ ಬಗ್ಗೆ ಹೇಳುವ ಮೊದಲು ಅವರ ಕಥೆ ಹೇಳಬೇಕು.

ಮಧುಸೂದನರು ಹುಟ್ಟಿದ್ದು 1824ರ ಜನವರಿ 25ರಂದು, ಜೆಸ್ಸೋರ್ ಜಿಲ್ಲೆಯ ಸಾಗರದಾರಿ ಎಂಬ ಹಳ್ಳಿಯಲ್ಲಿ. ಕಪೋತಾಕ್ಷ ನದಿಯ ದಡದ ಆ ಊರು ಈಗ ಬಾಂಗ್ಲಾದೇಶದಲ್ಲಿದೆ. ತಂದೆ ರಾಜನಾರಾಯಣ ದತ್ತರು ವಕೀಲರು. ನ್ಯಾಯಾಲಯಗಳಲ್ಲಿ ಆಗ ಪಾರಸಿ ಭಾಷೆ ನಡೆಯುತ್ತಿತ್ತು. ಹುಡುಗ ಮಧುಸೂದನ ಮೌಲವಿಯೊಬ್ಬರ ಬಳಿ ಪಾರಸಿ ಕಲಿತ. ಮುಂದೆ ಕಲ್ಕತ್ತೆಯ ಹಿಂದೂ ಕಾಲೇಜಿನಲ್ಲಿ ಗೆಳೆಯರ ನಡುವೆ ಪಾರಸಿ ಗಜಲುಗಳನ್ನು ಹಾಡುತ್ತಿದ್ದನಂತೆ.

ಆದರೆ ಆ ಕಾಲೇಜಿನಲ್ಲಿ ಅವನ ಮನಸ್ಸನ್ನು ಪೂರ್ತಿ ಸೆಳೆದದ್ದು ಇಂಗ್ಲಿಷ್. ತಾನು ಇಂಗ್ಲಿಷ್ ಕವಿಯಾಗಬೇಕು, ಅದಕ್ಕಾಗಿ ಇಂಗ್ಲೆಂಡಿಗೆ ಹೋಗಬೇಕು ಎಂಬ ಹುಚ್ಚು ಹಿಡಿಯಿತು. ಬಂಗಾಳಿಯೆಂದರೆ ತಾತ್ಸಾರ. 1843ರಲ್ಲಿ ಕ್ರೈಸ್ತ ಧರ್ಮಕ್ಕೆ ಸೇರಿದರು. ಹಿಂದೂ ಕಾಲೇಜನ್ನು ಬಿಡಬೇಕಾಯಿತು. 1844ರಿಂದ ಬಿಷಪ್ಸ್ ಕಾಲೇಜಿನಲ್ಲಿ ಓದು. ಗ್ರೀಕ್ ಮತ್ತು ಲ್ಯಾಟಿನ್ ಭಾಷೆಗಳ ಬುನಾದಿ ಬಿದ್ದದ್ದು ಅಲ್ಲಿ. ಸ್ವಲ್ಪ ಕಾಲದ ನಂತರ ತಂದೆ ಹಣ ಕೊಡುವುದನ್ನು ನಿಲ್ಲಿಸಿದರು. 1848ರ ಆರಂಭದ ಹೊತ್ತಿಗೆ ಮಧುಸೂದನರು ಪರಿಚಯದವರಿಲ್ಲದ ಮದರಾಸಿನಲ್ಲಿದ್ದರು. ಅನಾಥ ಮಕ್ಕಳ ಶಾಲೆಯೊಂದರಲ್ಲಿ ಉಪಾಧ್ಯಾಯರಾಗಿ ಕಡಿಮೆ ಸಂಬಳಕ್ಕೆ ದುಡಿಯುತ್ತಿದ್ದರು.

ಅಲ್ಲಿಂದಲೇ 1849ರಲ್ಲಿ ಅವರ ಇಂಗ್ಲಿಷ್ ಕಾವ್ಯ 'ದಿ ಕ್ಯಾಪ್ಟಿವ್ ಲೇಡಿ' ಪ್ರಕಟವಾಯಿತು. ಸುಲ್ತಾನಾ ರಜಿಯಾಳನ್ನು ಕುರಿತು ಇಂಗ್ಲಿಷಿನಲ್ಲೇ ಒಂದು ನಾಟಕವನ್ನೂ ಬರೆದರು. ಕಾವ್ಯದ ಪ್ರತಿ ಕಲ್ಕತ್ತೆಯಲ್ಲಿದ್ದ ಬೆಥೂನ್ ಸಾಹೇಬರಿಗೆ ತಲುಪಿತು. ಹೆಣ್ಣುಮಕ್ಕಳ ಶಾಲೆ ತೆರೆದು ಹೆಸರಾದವರು ಅವರು. ಇಷ್ಟು ಪ್ರತಿಭೆ ಇರುವವನು ಅದನ್ನು ತನ್ನ ತಾಯ್ನುಡಿಗೆ ಮುಡಿಪಾಗಿಟ್ಟರೆ ಒಳಿತು ಎಂದು ಅವರು ಸಲಹೆ ಕೊಟ್ಟರು. ಕನಸು ಕಂಡ ಯುವಕನಿಗೆ ಆ ಮಾತು ಹೇಗೆ ನಾಟಿರಬೇಕು! ಆದರೂ ಮಧುಸೂದನರು ಅದನ್ನು ತಳ್ಳಿಹಾಕಲಿಲ್ಲ. ಬಂಗಾಳಿ ತನಗೆ ಮರೆತುಹೋಗುತ್ತಿದೆ ಎಂದು ಹೆದರಿ, ಕಾಶೀರಾಮ ದಾಸರ ಭಾರತವನ್ನೂ ಕೃತ್ತಿವಾಸರ ರಾಮಾಯಣವನ್ನೂ ಕಳಿಸುವಂತೆ ಗೆಳೆಯ ಗೌರದಾಸ ಬಸಾಕರಿಗೆ ಅದಕ್ಕೂ ಮೊದಲೇ ಬರೆದಿದ್ದರು.

ಅದೇ ವರ್ಷದ ಆಗಸ್ಟಿನಲ್ಲಿ ಅದೇ ಗೆಳೆಯನಿಗೆ ಬರೆದ ಪತ್ರದಲ್ಲಿದೆ ಆ ವೇಳಾಪಟ್ಟಿ. ಬೆಳಿಗ್ಗೆ 6ರಿಂದ 8 ಹೀಬ್ರೂ. 8ರಿಂದ 12 ಶಾಲೆಯ ಕೆಲಸ. 12ರಿಂದ 2 ಗ್ರೀಕ್. 2ರಿಂದ 5 ತೆಲುಗು ಮತ್ತು ಸಂಸ್ಕೃತ. 5ರಿಂದ 7 ಲ್ಯಾಟಿನ್. 7ರಿಂದ 10 ಇಂಗ್ಲಿಷ್. ಆಗ ಅವರಿಗೆ 25 ವರ್ಷ. ಪಿತೃಗಳ ಭಾಷೆಯನ್ನು ಸಿಂಗರಿಸುವ ದೊಡ್ಡ ಕೆಲಸಕ್ಕೆ ನಡೆಸಿರುವ ಸಿದ್ಧತೆಯಿದು ಎಂಬ ಅರ್ಥ ಬರುವಂತೆ ಅದೇ ಪತ್ರದಲ್ಲಿ ಕೇಳಿದ್ದಾರೆ.

ನಾನು ಆ ಪುಟವನ್ನು ಮೂರು ಸಲ ಓದಿದೆ. ಬಂಗಾಳಿಗಾಗಿ ಸಿದ್ಧತೆ ಎನ್ನುತ್ತಾರೆ, ಪಟ್ಟಿಯಲ್ಲಿ ಬಂಗಾಳಿಯೇ ಇಲ್ಲ! ಸಂಜೆ ಎರಡು ಗಂಟೆ ಲ್ಯಾಟಿನ್ ಪದಗಳ ಜೊತೆ ಕೂತರೆ ಬಂಗಾಳಿಗೆ ಏನು ಲಾಭ?

ಉತ್ತರ ಹುಡುಕುತ್ತ ಲ್ಯಾಟಿನ್ ಬಗ್ಗೆ ಸ್ವಲ್ಪ ಓದಿದೆ. ರೋಮಿನ ಕವಿ ವರ್ಜಿಲ್ ಬರೆದ 'ಈನಿಡ್' ಆ ಭಾಷೆಯ ಅತಿ ದೊಡ್ಡ ಮಹಾಕಾವ್ಯ. 12 ಭಾಗಗಳು, ಹತ್ತು ಸಾವಿರದಷ್ಟು ಸಾಲುಗಳು. ಅದನ್ನು ಓದಲು ನಿಘಂಟಿನಿಂದ ಒಂದು ವಸ್ತುವಿಗೆ ಒಂದು ಪದ ಕಲಿತರೆ ಸಾಲದು. ಹಡಗಿಗೆ 'ನಾವಿಸ್' ಎಂಬ ಪದವಿದೆ. ಆದರೆ ಕವಿ ಹಡಗಿನ ಹಿಂಭಾಗದ ಹೆಸರಾದ 'ಪುಪ್ಪಿಸ್' ಎಂದೋ, ಅಡಿಮರದ ಹೆಸರಾದ 'ಕರೀನಾ' ಎಂದೋ ಬರೆದು ಇಡೀ ಹಡಗನ್ನು ಸೂಚಿಸುತ್ತಾನೆ. ಸಮುದ್ರಕ್ಕೆ 'ಎಕ್ವೊರ್' ಎನ್ನುತ್ತಾನೆ, ಅದರ ಮೂಲಾರ್ಥ ಸಮತಟ್ಟಾದ ಹರವು. 'ಫೆರ್ರುಮ್' ಎಂದರೆ ಕಬ್ಬಿಣ, ಯುದ್ಧದ ಸಾಲುಗಳಲ್ಲಿ ಅದೇ ಕತ್ತಿ. ರಸಾಯನಶಾಸ್ತ್ರದಲ್ಲಿ ಕಬ್ಬಿಣಕ್ಕೆ ಎಫ್‌ಇ ಎಂಬ ಚಿಹ್ನೆ ಬಂದದ್ದು ಈ ಪದದಿಂದಲೇ. ನಾನು ಕಣ್ಣುಮುಚ್ಚಿ ಬಾಯಿಪಾಠ ಮಾಡಿದ್ದ ಎರಡು ಅಕ್ಷರಗಳ ಹಿಂದೆ ಒಬ್ಬ ಯೋಧನ ಕತ್ತಿ ಇತ್ತು!

ಇನ್ನೊಂದು ಸಂಗತಿ ಮಧುಸೂದನರ ಕಣ್ಣಿಗೆ ಬಿದ್ದೇ ಇರಬೇಕು. ಮಧ್ಯಾಹ್ನ ಸಂಸ್ಕೃತ ಓದಿ ಸಂಜೆ ಲ್ಯಾಟಿನ್ ಪುಸ್ತಕ ತೆರೆದವರು ಅವರು. ಅಗ್ನಿಗೆ ಅಲ್ಲಿ 'ಇಗ್ನಿಸ್', ಮಾತೃವಿಗೆ 'ಮಾತೆರ್', ಪಿತೃವಿಗೆ 'ಪಾತೆರ್', ಸಪ್ತಕ್ಕೆ 'ಸೆಪ್ಟೆಮ್'. ದೂರದ ಭಾಷೆಯೊಳಗೆ ಮನೆಯವರ ಮುಖವೇ ಕಂಡ ಹಾಗೆ.

1856ರಲ್ಲಿ ಅವರು ಕಲ್ಕತ್ತೆಗೆ ಮರಳಿದರು. ಹೆಂಡತಿ ರೆಬೆಕಾ ಮತ್ತು ನಾಲ್ವರು ಮಕ್ಕಳನ್ನು ಮದರಾಸಿನಲ್ಲೇ ಬಿಟ್ಟುಬಂದದ್ದು ಅವರ ಬದುಕಿನ ದೊಡ್ಡ ತಪ್ಪು. ಅದನ್ನು ಮುಚ್ಚಿಡಬೇಕಾಗಿಲ್ಲ. ಕಲ್ಕತ್ತೆಯಲ್ಲಿ ಬಂಗಾಳಿ ನಾಟಕಗಳನ್ನು ಬರೆದರು. ಪ್ರಾಸವಿಲ್ಲದ ಛಂದಸ್ಸು ಬಂಗಾಳಿಗೆ ಒಗ್ಗದು ಎಂದು ಜತೀಂದ್ರಮೋಹನ ಟಾಗೋರರು ಸಂದೇಹಪಟ್ಟಾಗ, ಬರೆದೇ ತೋರಿಸುತ್ತೇನೆಂದು ಹಟ ಹಿಡಿದು ಗೆದ್ದರು. 1861ರಲ್ಲಿ ಬಂತು 'ಮೇಘನಾದವಧ ಕಾವ್ಯ', ಒಂಬತ್ತು ಸರ್ಗಗಳ ಮಹಾಕಾವ್ಯ. 14 ಅಕ್ಷರಗಳ ಹಳೆಯ ಪಯಾರ್ ಸಾಲನ್ನೇ ಉಳಿಸಿಕೊಂಡು, ಅಂತ್ಯಪ್ರಾಸ ಬಿಟ್ಟು, ಮಾತು ಸಾಲಿನ ನಡುವೆ ಎಲ್ಲಿ ಬೇಕಾದರೂ ನಿಲ್ಲುವಂತೆ ಮಾಡಿದರು.

ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಅದರ ಎಂಟನೇ ಸರ್ಗದಲ್ಲಿ. ಲಕ್ಷ್ಮಣ ಬಿದ್ದಾಗ ರಾಮ ಮಾಯಾದೇವಿಯ ಜೊತೆ ಸತ್ತವರ ಲೋಕಕ್ಕೆ ಇಳಿದು ತಂದೆ ದಶರಥನನ್ನು ಕಾಣುತ್ತಾನೆ. ವರ್ಜಿಲನ ಕಾವ್ಯದ ಆರನೇ ಭಾಗದಲ್ಲಿ ನಾಯಕ ಈನಿಯಾಸ್ ಹೀಗೆಯೇ ಇಳಿದು ತನ್ನ ತಂದೆಯನ್ನು ಕಾಣುತ್ತಾನೆ. ಮರುವರ್ಷದ 'ವೀರಾಂಗನಾ ಕಾವ್ಯ'ದಲ್ಲಿ ನಮ್ಮ ಪುರಾಣಗಳ ಹೆಂಗಸರು ಪತ್ರ ಬರೆಯುತ್ತಾರೆ. ಅದರ ಮಾದರಿ ಇನ್ನೊಬ್ಬ ಲ್ಯಾಟಿನ್ ಕವಿ ಓವಿಡ್‌ನದು. ಮದರಾಸಿನ ಸಂಜೆಗಳು ಬಂಗಾಳಿಯಲ್ಲಿ ಫಲ ಕೊಟ್ಟದ್ದು ಹೀಗೆ.

ಮುಂದಿನ ಕಥೆ ದುಃಖದ್ದು. 1862ರಲ್ಲಿ ಕಾನೂನು ಓದಲು ಇಂಗ್ಲೆಂಡಿಗೆ ಹೋದರು. ಬಾಲ್ಯದ ಕನಸಿನ ನಾಡು ಕೈಹಿಡಿಯಲಿಲ್ಲ. ಫ್ರಾನ್ಸಿನ ವರ್ಸೇಲ್ಸ್‌ನಲ್ಲಿ ಸಾಲದಲ್ಲಿ ಮುಳುಗಿದಾಗ ಕೈಹಿಡಿದವರು ಈಶ್ವರಚಂದ್ರ ವಿದ್ಯಾಸಾಗರರು. ಆ ಪರದೇಶದಲ್ಲಿ ಕೂತು ಅವರು ಬಂಗಾಳಿಯಲ್ಲಿ 14 ಸಾಲಿನ ಸುನೀತಗಳನ್ನು ಬರೆದರು, ಕಪೋತಾಕ್ಷ ನದಿಯನ್ನು ನೆನೆದರು. ಬ್ಯಾರಿಸ್ಟರ್ ಆಗಿ ಮರಳಿದರೂ ದುಡಿದದ್ದು ನಿಲ್ಲಲಿಲ್ಲ, ಖರ್ಚಿಗೆ ಹಿಡಿತವಿರಲಿಲ್ಲ. 1873ರ ಜೂನ್ 29ರಂದು ಕಲ್ಕತ್ತೆಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಬಾಳಸಂಗಾತಿ ಹೆನ್ರಿಯೆಟಾ ಮೂರು ದಿನ ಮೊದಲೇ ಹೋಗಿದ್ದರು. ಮಧುಸೂದನರಿಗೆ ಐವತ್ತೂ ತುಂಬಿರಲಿಲ್ಲ.

ಅವರ ಬದುಕಿನ ಎಲ್ಲವನ್ನೂ ಅನುಸರಿಸಬೇಕೆಂದು ನಾನು ಹೇಳುವುದಿಲ್ಲ. ನಾನು ತೆಗೆದುಕೊಂಡದ್ದು ಸಂಜೆಯ ಆ ಎರಡು ಗಂಟೆಗಳನ್ನು ಮಾತ್ರ, ಅದನ್ನೂ ಅರ್ಧ ಗಂಟೆಗೆ ಇಳಿಸಿಕೊಂಡಿದ್ದೇನೆ. ನೋಟ್‌ಬುಕ್ಕಿನಲ್ಲಿ ಈಗ ಮೂರು ಕಂಬಸಾಲುಗಳಿವೆ: ಇಂಗ್ಲಿಷ್, ಕನ್ನಡ, ಉರ್ದು. ಉರ್ದು ಪದ ಗೊತ್ತಾಗದಿದ್ದರೆ ದಾದಿಯನ್ನು ಕೇಳುತ್ತೇನೆ. ಕನ್ನಡ ಪದ ತಿಳಿಯದಿದ್ದರೆ ನಮ್ಮ ಕನ್ನಡ ಮೇಡಂ ಇದ್ದಾರೆ. ಕಳೆದ ಟೆಸ್ಟಿನಲ್ಲಿ ಅಂಕ ಹೆಚ್ಚೇನೂ ಏರಲಿಲ್ಲ, ಆದರೆ ಪ್ರಶ್ನೆಪತ್ರಿಕೆಯಲ್ಲಿ ಅಪರಿಚಿತ ಪದಗಳು ಕಡಿಮೆಯಾಗಿದ್ದವು.

ನನ್ನ ಹಾಗೆ ಕನ್ನಡ ಮಾಧ್ಯಮದಿಂದಲೋ ಉರ್ದು ಮಾಧ್ಯಮದಿಂದಲೋ ಬಂದು ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂತಿರುವ ಗೆಳತಿಯರೇ, ನೋಟ್‌ಬುಕ್ ಬಚ್ಚಿಡಬೇಡಿ. ನನ್ನದು ಈಗ ಡೆಸ್ಕಿನ ಮೇಲೆಯೇ ಇರುತ್ತದೆ. ಬೇಕಾದರೆ ಕೇಳಿ, ಕೊಡುತ್ತೇನೆ.

— ದ್ವಿತೀಯ ಪಿಯುಸಿ, ವಿಜ್ಞಾನ ವಿಭಾಗದ ವಿದ್ಯಾರ್ಥಿನಿ